ಶೀಲಾವತಿಯ ಮಜ್ಜಿಗೆಯೂ ಕುಕ್ಕಪ್ಪನ ಬೆಳ್ಳಿ ಕಾಗದವೂ

ಅಜ್ಜಾವರದ ಶೀಲಾವತಿಗೆ ಬದುಕಿನಲ್ಲಿ ಹೆಮ್ಮೆ ಎಂದು ಇದ್ದದ್ದು ಒಂದೇ. ಅವಳ ಅಂಗಳಕ್ಕೆ ಮಜ್ಜಿಗೆಗೆ ಬಂದವರು ಯಾರೂ ಖಾಲಿ ಚೆಂಬು ಹಿಡಿದುಕೊಂಡು ಹಿಂದೆ ಹೋದದ್ದಿಲ್ಲ. ಹಟ್ಟಿಯಲ್ಲಿ ಎರಡು ಹಸು. ಬೆಳಿಗ್ಗೆ ಅವಳು ಕಡೆದು ಮುಗಿಸುವ ಹೊತ್ತಿಗೆ ಆರು ಮನೆಗಳ ಆರು ಚೆಂಬು ಜಗಲಿಯ ಮೇಲೆ ಬಂದು ಕೂತಿರುತ್ತಿದ್ದವು. ಮಜ್ಜಿಗೆಗೆ ಯಾರೂ ದುಡ್ಡು ಕೊಡುವ ಕಾಲವಲ್ಲ ಅದು. ದುಡ್ಡು ಕೇಳಿದ ಮನೆಗೆ ಮತ್ತೆ ಹೆಣ್ಣು ಕೊಡುವವರೂ ಸಿಗುತ್ತಿರಲಿಲ್ಲ. ಅತ್ತೆಯ ಕಾಲದಿಂದ ನಡೆದು ಬಂದ ಈ ಹೆಸರನ್ನು ಅವಳು ಕಣ್ಣಿನ ಹಾಗೆ ಕಾಪಾಡಿಕೊಂಡು ಬಂದಿದ್ದಳು.

ಕಾಪಾಡಲಾಗದ್ದು ಎಂದರೆ ಗಂಡ ಕುಕ್ಕಪ್ಪನನ್ನು. ಅವನು ಕೊಡಗಿನ ಕಾಫಿ ತೋಟದಲ್ಲಿ ಒಬ್ಬ ಬಿಳಿ ದೊರೆಯ ಊಟದ ಮೇಜಿನ ಬಳಿ ಒಂಬತ್ತು ವರ್ಷ ನಿಂತವನು. ಐವತ್ತೇಳನೇ ಇಸವಿಯಲ್ಲಿ ದೊರೆ ತೋಟ ಮಾರಿ ಹಡಗು ಹತ್ತಿದ. ಕುಕ್ಕಪ್ಪ ಒಂದು ಹಳೇ ಕೋಟನ್ನೂ, ಮನೆಯ ಅಡುಗೆಯ ಬಗ್ಗೆ ಘನವಾದ ತಾತ್ಸಾರವನ್ನೂ ಹೊತ್ತುಕೊಂಡು ಊರಿಗೆ ಬಂದ. ದೊರೆಗೆ ಚೀಸು ಬರುತ್ತಿದ್ದದ್ದು ದುಂಡನೆಯ ರಟ್ಟಿನ ಡಬ್ಬಿಯಲ್ಲಂತೆ. ಒಳಗೆ ಎಂಟು ಮುಮ್ಮೂಲೆ ತುಂಡು, ಒಂದೊಂದಕ್ಕೂ ಬೇರೆ ಬೇರೆ ಬೆಳ್ಳಿ ಕಾಗದ. ಅದನ್ನು ಹೇಗೆ ಬಿಡಿಸುವುದು, ಹೇಗೆ ತಿನ್ನುವುದು ಎಂದು ಕುಕ್ಕಪ್ಪ ಸಾವಿರ ಸಲ ನೋಡಿದ್ದ. ಹೇಗೆ ಮಾಡುವುದೆಂದು ಒಂದು ಸಲವೂ ನೋಡಿರಲಿಲ್ಲ. ಅದೊಂದು ಕೊರತೆ ಎಂದು ಅವನಿಗೆ ಅನ್ನಿಸಲೂ ಇಲ್ಲ.

"ಹಾಲು ಮಾರುದು ಮರ್ಯಾದೆಗೇಡು. ಅದನ್ನೇ ಬೆಳ್ಳಿ ಕಾಗದದಲ್ಲಿ ಸುತ್ತಿ ಮಾರಿದರೆ ಕಂಪೆನಿ, ಮಾರಾಯ್ತಿ" ಎಂದು ಅವನು ಹೆಂಡತಿಗೆ ತಿಳಿಸಿದ.

ಮರುದಿನದಿಂದ ಎರಡೂ ಹಸುವಿನ ಹಾಲು ಕಂಪೆನಿಯ ಪಾಲಾಯಿತು. ಹಿತ್ತಿಲಿನ ಬೀಂಬುಳಿಯ ಹುಳಿ ಕಾಯಿ ಹಿಂಡಿ ಹಾಲು ಒಡೆಸುವುದು, ಗಟ್ಟಿಯನ್ನು ಅವನ ಹಳೇ ಪಂಚೆಯಲ್ಲಿ ಕಟ್ಟಿ ಅರೆಯುವ ಕಲ್ಲಿನ ಅಡಿಗೆ ಇಡುವುದು, ಆಮೇಲೆ ಉಪ್ಪು ಅರಸಿನ ಹಾಕಿ ನಾದಿ, ತಟ್ಟೆಯಲ್ಲಿ ತಟ್ಟಿ, ಮುಮ್ಮೂಲೆಯಾಗಿ ಕೊಯ್ಯುವುದು. ಬೆಳ್ಳಿ ಕಾಗದಕ್ಕೆ ಸುಳ್ಯ ಪೇಟೆಯ ಬೀಡಿ ಅಂಗಡಿಗಳಲ್ಲೆಲ್ಲ ಅಲೆದು ಖಾಲಿ ಸಿಗರೇಟು ಪ್ಯಾಕು ಹೆಕ್ಕಿ ತರುತ್ತಿದ್ದ. ಕೋಟು ಹಾಕಿಕೊಂಡು ಹೆಕ್ಕುತ್ತಿದ್ದುದರಿಂದ ಯಾರೂ ಏನೂ ಹೇಳಲಿಲ್ಲ. ಚೀಸಿಗೆ ಹೊಗೆಸೊಪ್ಪಿನ ಘಾಟು ಬಂದದ್ದನ್ನು ಶೀಲಾವತಿ ಹೇಳಿದರೆ, ವಿಲಾಯತಿ ಪರಿಮಳ ಅವಳಿಗೆ ಎಲ್ಲಿ ಗೊತ್ತಾಗಬೇಕು ಎಂದು ನಕ್ಕ.

ಮಾರುವ ಜವಾಬ್ದಾರಿ ಸುಳ್ಯದ ದಿನಸಿ ಅಂಗಡಿಯ ಸಾಹುಲ್ ಹಮೀದನದ್ದು. ಪಾಪ, ಒಳ್ಳೆಯ ಮನುಷ್ಯ. ಪೆಪ್ಪರಮಿಂಟಿನ ಭರಣಿಯ ಪಕ್ಕದಲ್ಲೇ ಒಂದು ಭರಣಿ ಕೊಟ್ಟ. ಒಬ್ಬ ಮೇಷ್ಟ್ರು ಮಿಠಾಯಿ ಎಂದು ಬಾಯಿಗೆ ಹಾಕಿ, ಅಂಗಡಿಯ ಹಿಂದೆ ಹೋಗಿ ಬಂದರು. ಪುತ್ತೂರಿನಿಂದ ಬಂದ ಬಸ್ ಕಂಡಕ್ಟರ್ ಎರಡು ಕೊಂಡು, ಹೊಳಪು ಕೊಡುವ ಮೇಣವೆಂದು ಬೂಟಿಗೆ ಉಜ್ಜಿದ. ಮೂರನೆಯ ದಿನಕ್ಕೆ ಮಾಲು ಹಲ್ಲಿಗೆ ಜಗ್ಗದಷ್ಟು ಗಟ್ಟಿಯಾಗಿತ್ತು.

"ಗೌಡ್ರೆ, ಕಾಗದ ಮಾತ್ರ ಕೊಡುದಾದರೆ ಮಾರಿ ಹೋಗ್ತದೆ" ಎಂದು ಸಾಹುಲ್ ಹಮೀದ್ ಹೇಳಿ ನೋಡಿದ. ಹೊಸ ಮಾಲು ಜನರ ನಾಲಿಗೆಗೆ ಹತ್ತಲು ಟೈಮು ಬೇಕು ಎಂದು ಕುಕ್ಕಪ್ಪ ಅವನಿಗೇ ಸಮಾಧಾನ ಹೇಳಿ ಬಂದ.

ಇತ್ತ ಜಗಲಿಯಲ್ಲಿ ಆರು ಚೆಂಬುಗಳು ಕಾಯುತ್ತಿದ್ದವು. ಹಾಲು ಒಡೆದು ಉಳಿದ ಹಳದಿ ನೀರನ್ನು ಹೊಯ್ದು ಕೊಡು, ಹುಳಿಯೂ ಉಂಟು, ನೀರೂ ಉಂಟು, ಮಜ್ಜಿಗೆಯಲ್ಲಿ ಬೇರೆ ಎಂತ ಉಂಟು ಎಂದು ಕುಕ್ಕಪ್ಪನ ಅಪ್ಪಣೆ. ಶೀಲಾವತಿ ಹೊಯ್ದಳು. ಅರ್ಧ ನೀರು ಜಗಲಿಗೆ ಚೆಲ್ಲಿತು. ಆ ದಿನ ಅವಳು ಹಟ್ಟಿಯ ಹಿಂದೆ ನಿಂತು ಅತ್ತಳು. ಮರುದಿನದಿಂದ ಹಳದಿ ನೀರಿನ ಪಾತ್ರೆಯನ್ನು ಜಗಲಿಯಲ್ಲಿಟ್ಟು, ಚೆಂಬು ಬರುವ ಹೊತ್ತಿಗೆ ಹಟ್ಟಿಯ ಹಿಂದೆಯೇ ಇರತೊಡಗಿದಳು. ಒಂದು ವಾರದಲ್ಲಿ ಐದು ಚೆಂಬು ಬರುವುದನ್ನು ನಿಲ್ಲಿಸಿದವು. ಯಾರೂ ಜಗಳಕ್ಕೆ ಬರಲಿಲ್ಲ, ಯಾರೂ ಕಾರಣ ಕೇಳಲಿಲ್ಲ. ಅವಳಿಗೆ ಬೈಗುಳವಾದರೂ ಬಂದಿದ್ದರೆ ವಾಸಿಯಿತ್ತು.

ಆರನೆಯ ಚೆಂಬು ಕುಂಞಿಪಾತುಮ್ಮನದ್ದು. ಗುಡ್ಡದ ಬದಿಯ ಒಂಟಿ ಮುದುಕಿ, ಗಂಜಿಗೆ ಮಜ್ಜಿಗೆ ಬಿಟ್ಟರೆ ಬೇರೆ ಗತಿಯಿಲ್ಲ. ಮೂರು ವಾರ ಅವಳು ಆ ಹಳದಿ ನೀರನ್ನೇ ಒಯ್ದಳು. ಶೀಲಾವತಿಯಂಥವಳು ಇಂಥದ್ದು ಕೊಡಬೇಕಾದರೆ ಮನೆಯಲ್ಲಿ ತೀರಾ ಕಷ್ಟವೇ ಇರಬೇಕು ಎಂದು ಅವಳ ಲೆಕ್ಕ. ಊರಿನವರ ಲೆಕ್ಕವೂ ಅದೇ. ಕೊಡಗಿನಿಂದ ಬಂದ ಗಂಡ ಹಸುಗಳನ್ನು ಅಡವಿಟ್ಟಿದ್ದಾನೆ ಎಂಬಲ್ಲಿಯವರೆಗೆ ಮಾತು ಬೆಳೆದಿತ್ತು.

ಕೊನೆಗೊಂದು ಬೆಳಿಗ್ಗೆ ಮುದುಕಿ ನೇರ ಹಟ್ಟಿಯ ಹಿಂದಕ್ಕೇ ಬಂದಳು. ಅವಳ ಚೆಂಬು ತುಂಬಿತ್ತು. ಎರಡು ಮೈಲು ದೂರದ ಮಗಳು ಲೈಲಾಳ ಮನೆಗೆ ನಡೆದು ಹೋಗಿ ದಪ್ಪ ಮಜ್ಜಿಗೆ ತಂದಿದ್ದಳು.

"ನಾಚಿಕೆ ಮಾಡ್ಬೇಡ ಮಗಳೇ. ಇಷ್ಟು ವರ್ಷ ನೀನು ಕೊಟ್ಟದ್ದಲ್ವಾ. ನಾಳೆಯೂ ತರ್ತೇನೆ" ಎಂದು ಅವಳ ಕೈಯಲ್ಲಿ ಚೆಂಬು ಇಟ್ಟಳು.

ಶೀಲಾವತಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆ ಅಂಗಳಕ್ಕೆ ಹೊರಗಿನಿಂದ ಮಜ್ಜಿಗೆ ಬಂದದ್ದು ಅದೇ ಮೊದಲು. ವಿಷಯ ತಿಳಿದ ಕುಕ್ಕಪ್ಪನ ಮುಖ ಮಾತ್ರ ಅರಳಿತು. ಪುಕ್ಕಟೆ ಮಜ್ಜಿಗೆ ಬರುವುದಾದರೆ ಮನೆಯಲ್ಲಿ ಕಡೆಯುವ ಗೋಳೇ ಬೇಡ, ಮುದುಕಿಗೆ ನಾಳೆ ದೊಡ್ಡ ಪಾತ್ರೆ ತರಲು ಹೇಳು ಎಂದ.

ಶೀಲಾವತಿ ಆಗಷ್ಟೇ ಕರೆದಿಟ್ಟ ಹಾಲನ್ನು ಅವನ ಕಣ್ಣೆದುರೇ ಒಲೆಗೇರಿಸಿ ಕಾಯಿಸಿದಳು. ಆರಿದ ಮೇಲೆ ಹೆಪ್ಪು ಬೇಕಲ್ಲ. ಊರಿಗೆಲ್ಲ ಹೆಪ್ಪು ಕೊಟ್ಟ ಮನೆಯಲ್ಲಿ ಮೂರು ವಾರದಿಂದ ಒಂದು ತೊಟ್ಟು ಮೊಸರಿಲ್ಲ. ಕುಂಞಿಪಾತುಮ್ಮನ ಮಜ್ಜಿಗೆಯನ್ನೇ ಹನಿ ಬಿಡದೆ ಎರಡು ಪಾತ್ರೆ ಹಾಲಿಗೂ ಹೊಯ್ದು ಮುಚ್ಚಿದಳು. ಕುಕ್ಕಪ್ಪ ಕಂಪೆನಿ, ಮಾಲು, ಪೇಟೆ ಎಂದು ಕೂಗಾಡಿದ. ಅವಳು ಮುಚ್ಚಳದ ಮೇಲೆ ಅರೆಯುವ ಕಲ್ಲಿನ ಗುಂಡು ಇಟ್ಟಳು.

ಮಧ್ಯಾಹ್ನ ಊಟದ ಕೊನೆಗೆ ಅವನು ಮಜ್ಜಿಗೆಗೆಂದು ಅನ್ನಕ್ಕೆ ಗುಳಿ ಮಾಡಿ ಕಾದು ಕೂತ.

"ಮಜ್ಜಿಗೆ ಹೆಪ್ಪಿಗೆ ಹೋಯಿತು. ನಿಮ್ಮದು ಉಂಟಲ್ಲ" ಎಂದು ಶೀಲಾವತಿ ಅಂಗಡಿಯಿಂದ ವಾಪಸು ಬಂದ ನಾಲ್ಕು ಮುಮ್ಮೂಲೆ ಬಡಿಸಿ, ಎದುರಿನಲ್ಲೇ ಕೂತಳು.

ಅವಳು ಏಳುವ ಹಾಗೆ ಕಾಣಲಿಲ್ಲ. ಕುಕ್ಕಪ್ಪ ದೊರೆಯ ಹಾಗೆಯೇ ನಾಜೂಕಾಗಿ ಕಾಗದ ಬಿಡಿಸಿದ, ಕಚ್ಚಿದ, ನೀರು ಕುಡಿದ, ಮತ್ತೆ ಕಚ್ಚಿದ. ಆ ಕಂಪೆನಿಯ ಮಾಲನ್ನು ಕೊನೆಯವರೆಗೆ ತಿಂದು ಮುಗಿಸಿದ ಗಿರಾಕಿ ಅವನೊಬ್ಬನೇ.