ಎರಡನೆಯ ಜೋಡಿ

ಪರದೆಯ ಹಿಂದೆ ಮೊದಲು ನುಡಿಯುವ ಸ್ಪೀಕರ್ ಯಾವುದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಸುಳ್ಳು ಹೇಳಿದೆ. ಇಷ್ಟು ವರ್ಷ ದುಬೈಯಲ್ಲಿ ‘ಒಳ್ಳೆಯ ಕಿವಿಯವನು’ ಎಂಬ ಹೆಸರಿನಲ್ಲಿ ಅನ್ನ ಉಂಡಿದ್ದೇನೆ. ಆ ಹೆಸರು ಹುಟ್ಟಿದ್ದೇ ಆ ಸುಳ್ಳಿನಿಂದ.

ದುಬೈಯ ಅಲ್ ಕೂಜ್ ಬಡಾವಣೆಯ ಒಂದು ಶೋರೂಮಿನಲ್ಲಿ ನಾನೂ ರಫೀಕನೂ ಒಟ್ಟಿಗೆ ಕೆಲಸಕ್ಕಿದ್ದೆವು. ಕಾರಿನಷ್ಟು ಬೆಲೆಯ ಸ್ಪೀಕರುಗಳನ್ನು ಮಾರುವ ಅಂಗಡಿ. ನಾನು ಉಡುಪಿಯವನು, ಅವನು ಉಪ್ಪಿನಂಗಡಿಯ ಬ್ಯಾರಿ. ಇದ್ದದ್ದು ಒಂದೇ ರೂಮಿನಲ್ಲಿ. ಗಿರಾಕಿಗಳ ವಿಲ್ಲಾಗಳಿಗೆ ಹೋಗಿ, ಆಲಿಸಿ, ಯಾವ ಸ್ಪೀಕರ್ ಒಪ್ಪುತ್ತದೆಂದು ಹೇಳುವವನೊಬ್ಬ ಮಾಲೀಕರಿಗೆ ಬೇಕಿತ್ತು. ನಮ್ಮಿಬ್ಬರಲ್ಲಿ ಯಾರು ಎಂದು ತೀರ್ಮಾನಿಸಲು ಕಪ್ಪು ಬಟ್ಟೆ ಕಟ್ಟಿ, ಎರಡು ಜೋಡಿ ಸ್ಪೀಕರುಗಳನ್ನು ಅದರ ಹಿಂದೆ ಇರಿಸಿದರು. ವೈರು ಜೋಡಿಸುವಾಗಲೇ ನಾನು ನೋಡಿಬಿಟ್ಟಿದ್ದೆ — ಮೊದಲನೆಯದು ಮಾಲೀಕರ ಅಚ್ಚುಮೆಚ್ಚಿನ, ಅತ್ಯಂತ ದುಬಾರಿ ಜೋಡಿ.

ಒಂದೇ ಹಾಡನ್ನು ಎರಡರಲ್ಲೂ ನುಡಿಸಿದರು. ಮೊದಲನೆಯದರ ತಗ್ಗು ಸ್ವರಗಳು ಎದೆಗೇ ಬಡಿದವು, ನಿಜ. ಆದರೆ ಹಾಡುವವಳು ಎಲ್ಲೋ ಗೋಡೆಯಾಚೆ ಇದ್ದಳು. ಎರಡನೆಯದರಲ್ಲಿ ಅವಳು ನಮ್ಮೆದುರೇ ನಿಂತು ಉಸಿರೆಳೆದಳು. ನನಗೆ ಅದು ಕೇಳಿಸಿತು — ಸ್ಪಷ್ಟವಾಗಿ ಕೇಳಿಸಿತು.

ರಫೀಕ್ ಮೊದಲು ಹೇಳಿದ, ಎರಡನೆಯದೇ ಒಳ್ಳೆಯದು, ಮೊದಲನೆಯದರಲ್ಲಿ ಹಾಡುವವಳಿಗೆ ಶೀತವಾದಂತಿದೆ ಎಂದು. ಮಾಲೀಕರು ನನ್ನತ್ತ ತಿರುಗಿದರು. ನಾನು ಮೊದಲನೆಯದು ಎಂದೆ. ಬಟ್ಟೆ ಸರಿಯಿತು, ಮಾಲೀಕರು ನನ್ನ ಬೆನ್ನು ತಟ್ಟಿದರು. ಕೆಲಸ ನನ್ನದಾಯಿತು.

ಅಷ್ಟೇ ಆಗಿದ್ದರೆ — ಆದರೆ ಹೊರಗೆ ಬಂದಾಗ ರಫೀಕ್ ಕೇಳಿದ: “ನಿನಗೆ ನಿಜವಾಗಿ ಹಾಗೇ ಕೇಳಿದ್ದಾ?”

“ಹೌದು ಮಾರಾಯ,” ಎಂದೆ.

ಅವನು ನಂಬಿದ. ನನ್ನನ್ನು ನಂಬಿ, ತನ್ನ ಕಿವಿಯನ್ನೇ ಸಂಶಯಿಸಿದ. ತಪಾಸಣೆಗೆಂದು ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಕ್ಲಿನಿಕ್ಕಿಗೆ ಹೋದ. ಏನೂ ದೋಷವಿಲ್ಲ ಎಂದರು. ಆದರೂ ಶೋರೂಮಿನಲ್ಲಿ ಅವನ ಮಾತಿಗೆ ಬೆಲೆ ಉಳಿದಿರಲಿಲ್ಲ. ಕೆಲವು ತಿಂಗಳಲ್ಲಿ ಕೆಲಸ ಬಿಟ್ಟು ಅದೇ ಕ್ಲಿನಿಕ್ ಸೇರಿ, ಶ್ರವಣಯಂತ್ರ ಹೊಂದಿಸುವುದನ್ನು ಕಲಿತ.

ಕಳೆದ ವರ್ಷ ನನ್ನ ಕಿವಿ ಮಂದವಾಯಿತು. ಮಗಳು ಏನೋ ಹೇಳಿ ನಗುತ್ತಾಳೆ, ನಾನು ಸುಮ್ಮನೆ ತಲೆಯಾಡಿಸುತ್ತೇನೆ. ದುಬೈಯಲ್ಲೇ ಬೇರೆ ಕ್ಲಿನಿಕ್ಕುಗಳಿದ್ದವು. ಆದರೂ ಅಬುಧಾಬಿಗೆ, ರಫೀಕನ ಬಳಿಗೇ ಹೋದೆ. ಅವನು ಯಂತ್ರವನ್ನು ನನ್ನ ಕಿವಿಗೆ ಕೂರಿಸುತ್ತಿದ್ದಾಗ ಬಾಯಿಗೆ ಬಂದುಬಿಟ್ಟಿತು: “ರಫೀಕ್, ಅವತ್ತು ನನಗೂ ಎರಡನೆಯದೇ ಚಂದ ಕೇಳಿದ್ದು.”

ಅವನ ಕೈ ನಿಂತಿತು.

“ನಾನು ಎಷ್ಟೋ ಸಮಯ ಪದ್ಯ-ಹಾಡು ಕೇಳುವುದನ್ನೇ ಬಿಟ್ಟಿದ್ದೆ, ಗೊತ್ತುಂಟಾ ನಿನಗೆ?” ಎಂದ.

ಗೊತ್ತಿರಲಿಲ್ಲ. ನಾನು ಕಸಿದದ್ದು ಹುದ್ದೆಯನ್ನು ಮಾತ್ರ ಎಂದುಕೊಂಡಿದ್ದೆ.

ಅವನು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಯಂತ್ರ ಹೊಂದಿಸುವ ಕಂಪ್ಯೂಟರಿನತ್ತ ತಿರುಗಿ, “ಈಗ ನನ್ನ ಸ್ವರ ಹೇಗೆ ಕೇಳ್ತದೆ? ಇದ್ದದ್ದು ಇದ್ದ ಹಾಗೆ ಹೇಳು,” ಎಂದ.

ಸ್ವಲ್ಪ ಕರ್ಕಶ ಎಂದೆ. ಸರಿಪಡಿಸಿದ. ಇನ್ನೂ ಮೊನಚು ಎಂದೆ. ಮತ್ತೆ ಸರಿಪಡಿಸಿದ. ಒಂದಿಷ್ಟೂ ಬೇಸರಿಸದೆ, ಅವನ ಸ್ವರ ನನಗೆ ಅವನದೇ ಸ್ವರವಾಗಿ ಕೇಳುವವರೆಗೂ ಕೂತ.

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಆ ಸಂಜೆ ಊಟಕ್ಕೆ ಕೂತಾಗ ಮಗಳು ಮೆಲ್ಲನೆ ಏನೋ ಗೊಣಗಿದಳು. ಕೇಳಿಸಿತು. ನನ್ನ ಕಣ್ಣು ತುಂಬಿತು. ನಾನು ಯಾರಿಗೆ ಅನ್ಯಾಯ ಮಾಡಿದೆನೋ ಅವನೇ ನನಗೆ ಕೊಟ್ಟದ್ದು ಇದು — ಈ ಋಣ ತೀರುವಂಥದ್ದಲ್ಲ.

ಮರುದಿನ ಮಾಲೀಕರೆದುರು ಕೂತು, ಆ ಪರೀಕ್ಷೆಯಲ್ಲಿ ಸರಿಯಾಗಿ ಕೇಳಿ ಸರಿಯಾಗಿ ಹೇಳಿದವನು ರಫೀಕ್ ಒಬ್ಬನೇ ಎಂದು ತಿಳಿಸಿದೆ. ಅವರು ಏನೆಂದುಕೊಂಡರೋ. ನಾನಂತೂ ಇದನ್ನು ಇನ್ನು ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.