ಹೆಂಗಸರ ಕಡೆ ಸೋರುವ ಸೂರು

ನಮ್ಮ ಇಗರ್ಜಿ ಸೋರುತ್ತಿಲ್ಲ ಎಂದು ಮೂರು ವರ್ಷ ಹೇಳಿದವರೆಲ್ಲ ಗಂಡಸರು. ಅವರು ನಿಲ್ಲುವ ಕಡೆ ಸೋರುತ್ತಿರಲಿಲ್ಲ, ಅಷ್ಟೇ. ಈಗ ನೆನೆದರೂ ನನಗೆ ಮೈ ಉರಿಯುತ್ತದೆ.

ಮಾರಮುರೇಶ್ ಎಂಬ ಬೆಟ್ಟಸೀಮೆಯ ನಮ್ಮ ಕಣಿವೆಯ ಹಳೆಯ ಇಗರ್ಜಿಗಳೆಲ್ಲ ಮರದವು. ಕಲ್ಲಿನದು ಕಟ್ಟಲು ಆಗಿನ ದೊರೆಗಳು ಬಿಡಲಿಲ್ಲವಂತೆ. ನಮ್ಮ ಹಿರಿಯರು ಅದೇ ಸಿಟ್ಟಿಗೆ ಮರದ ದಿಮ್ಮಿಗಳನ್ನು ಮೂಲೆಯಲ್ಲಿ ಒಂದಕ್ಕೊಂದು ಕಚ್ಚಿಸಿ, ಊರಾಚೆಯ ಗುಡ್ಡಕ್ಕೂ ಕಾಣುವಷ್ಟು ಎತ್ತರದ ಗೋಪುರ ಎಬ್ಬಿಸಿದರು. ಬಾಗಿಲು ದಾಟಿದರೆ ಮೊದಲು ಸಿಗುವ ಸಣ್ಣ ಕೋಣೆ ಹೆಂಗಸರದು. ಅದರಾಚೆಯ ದೊಡ್ಡ ಕೋಣೆ ಗಂಡಸರದು, ಅದರಾಚೆ ಬಲಿಪೀಠ. ನಡುಗೋಡೆಯಲ್ಲಿ ಕೊರೆದ ಕಿಂಡಿಗಳಿಂದ ಇಣುಕಿ ನಾವು ಪೂಜೆ ನೋಡಬೇಕು. ಗೋಪುರ ಕೂತಿರುವುದು ಹೆಂಗಸರ ಕೋಣೆಯ ಮೇಲೆ. ಸೂರೂ ಗೋಪುರವೂ ಸೇರುವ ಆ ಸಂದಿನಲ್ಲೇ ನೀರು ಮೊದಲು ಇಳಿಯುವುದೆಂದು ಮರದ ಕೆಲಸ ಬಲ್ಲ ಯಾರಿಗಾದರೂ ಗೊತ್ತು.

ನನ್ನ ಸೋದರತ್ತೆ ಡೋಕಿಯಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಅಪ್ಪ, ಅಂದರೆ ನನ್ನ ತಾತ, ಮರದ ಹೆಂಚು ಸೀಳುವವನು. ನನ್ನಪ್ಪ ಕೊಡಲಿ ಕಂಡರೆ ಮಾರು ದೂರ ಓಡುತ್ತಿದ್ದ. ಕೆಲಸ ಕಲಿತವಳು ಅತ್ತೆ. ಚಳಿಗಾಲದಲ್ಲಿ ಕಡಿದ ಸ್ಪ್ರೂಸ್ ಮರದ ತುಂಡನ್ನು ನೆಟ್ಟಗೆ ನಿಲ್ಲಿಸಿ, ಅಲಗಿಟ್ಟು, ಒಂದೇ ಪೆಟ್ಟು ಹಾಕುತ್ತಿದ್ದಳು. ಮರ ತನ್ನ ನಾರಿನ ಗುಂಟ ತಾನೇ ಬಿಚ್ಚಿಕೊಳ್ಳುತ್ತಿತ್ತು. ಹಾಗೆ ಸೀಳಿದ ಹೆಂಚಿನ ಮೇಲೆ ನೀರು ನಾರು ಹಿಡಿದು ಜಾರಿಹೋಗುತ್ತದೆ. ಗರಗಸದಲ್ಲಿ ಕೊಯ್ದರೆ ನಾರು ತುಂಡಾಗುತ್ತದೆ, ಹೆಂಚು ನೀರು ಕುಡಿಯುತ್ತದೆ. ಇಗರ್ಜಿಗೆ ತಾತ ಹೊದಿಸಿದ ಹೆಂಚುಗಳಲ್ಲಿ ಮುಕ್ಕಾಲು ಪಾಲು ಅವಳು ಸೀಳಿದವು. ಹೆಂಗಸು ಇಗರ್ಜಿಯ ಸೂರು ಹತ್ತಬಾರದೆಂದು ಅವಳನ್ನು ಕೆಳಗೇ ನಿಲ್ಲಿಸಿದರು. ಹೆಸರು ತಾತನಿಗೆ ಹೋಯಿತು.

ಅದಕ್ಕೆ ಅವಳು ಅಷ್ಟಾಗಿ ತಲೆ ಕೆಡಿಸಿಕೊಂಡವಳಲ್ಲ. ಅವಳ ಜೀವ ಇದ್ದದ್ದು ನಡುಗೋಡೆಯ ಚಿತ್ರದಲ್ಲಿ. ಹೆಂಗಸರ ಕಡೆಗೆ ಮುಖ ಮಾಡಿ ಬೈಬಲಿನ ಕಥೆಯ ಹತ್ತು ಕನ್ಯೆಯರು ದೀಪ ಹಿಡಿದು ನಿಂತಿದ್ದರು: ಎಣ್ಣೆ ತಂದ ಐವರು ಜಾಣೆಯರು, ಮರೆತು ಬಂದ ಐವರು ಪೆದ್ದಿಯರು. ಹಲಗೆಗಳ ಸಂದಿಗೆ ಊರ ಹೆಂಗಸರು ನೇಯ್ದು ಕೊಟ್ಟ ನಾರುಬಟ್ಟೆಯ ಪಟ್ಟಿಗಳನ್ನು ಅಂಟಿಸಿ ಅದರ ಮೇಲೆ ಬಣ್ಣ ಬರೆದದ್ದು. ಅತ್ತೆ ಶಾಲೆಗೆ ಹೋದವಳಲ್ಲ. ಅಮ್ಮನ ಲಂಗ ಹಿಡಿದು ನಿಂತು, ಆ ಹತ್ತು ಜನರನ್ನು ಬೆರಳು ಮಾಡಿ ತೋರಿಸುತ್ತಲೇ ಎಣಿಸಲು ಕಲಿತವಳು.

ತಾತ ಹೊದಿಸಿದ ಸೂರಿಗೆ ವಯಸ್ಸಾದಾಗ ಇಗರ್ಜಿಯ ಸಮಿತಿ ಪಟ್ಟಣದ ಕಂಪನಿಯೊಂದಕ್ಕೆ ಕೆಲಸ ಒಪ್ಪಿಸಿತು. ಲಾರಿಯಲ್ಲಿ ಬಂದ ಹೆಂಚುಗಳು ನುಣ್ಣಗೆ, ಒಂದೇ ಅಳತೆಯಲ್ಲಿದ್ದವು. ಅತ್ತೆ ತನ್ನದೊಂದು ಹೆಂಚು, ಅವರದೊಂದು ಹೆಂಚು ಅಂಗಳದಲ್ಲಿ ಓರೆಯಾಗಿಟ್ಟು ಎಲ್ಲರೆದುರು ನೀರು ಸುರಿದಳು. ಅವಳದು ಒಮ್ಮೆ ಕೊಡವಿದ್ದಕ್ಕೆ ಒಣಗಿತು. ಅವರದು ನೀರು ಹೀರಿ ಕಪ್ಪಗಾಯಿತು.

ಸಮಿತಿಯ ಮುಖ್ಯಸ್ಥ ಗ್ರಿಗೊರೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ. "ಡೋಕಿಯಕ್ಕ, ಇವು ಮಷೀನಲ್ಲಿ ಕೊಯ್ದಿದ್ದು. ಎಲ್ಲಾ ಒಂದೇ ಥರ. ನಿನ್ ಕೊಡಲಿಗೆ ಬರುತ್ತಾ ಇದು?"

"ಮಳೆ ಬಂದಾಗ ನಿನ್ ಮಷೀನ್ ಬಂದು ಕೊಡೆ ಹಿಡಿಯುತ್ತೇನಪ್ಪಾ?"

"ಕೆಲಸ ನಿನಗೆ ಸಿಗಲಿಲ್ಲ ಅಂತ ಹೊಟ್ಟೆಕಿಚ್ಚು. ಹೋಗಿ ಕೋಳಿಗೂಡಿಗೆ ಹೊದಿಸ್ಕೋ, ಹೋಗು."

ಗಂಡಸರು ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಮೊದಲ ಹಿಮ ಕರಗಿದಾಗಲೇ ನಮ್ಮ ಕೋಣೆ ಸೋರತೊಡಗಿತು. ಅತ್ತೆ ಪಾದ್ರಿ ವಿಕೆಂತಿಯವರ ಹತ್ತಿರ ಹೋದಳು, ನನ್ನನ್ನೂ ಎಳೆದುಕೊಂಡು.

"ಬಲಿಪೀಠದ ಹತ್ತಿರ ನೋಡಿದೆನಮ್ಮ, ಒಂದು ಹನಿ ಇಲ್ಲ," ಎಂದರು ಅವರು. "ಗ್ರಿಗೊರೆನೂ ಇಲ್ಲ ಅಂತಾನೆ."

"ನಮ್ಮ ಕಡೆ ನೋಡಿ, ಗುರುಗಳೇ."

"ನೀವು ಅಷ್ಟು ಜನ ಒತ್ತಿಕೊಂಡು ನಿಂತ್ರೆ ಉಸಿರಿನ ತೇವ ಇದ್ದೇ ಇರುತ್ತೆ. ನೋಡೋಣ."

ಆ 'ನೋಡೋಣ' ಮೂರು ವರ್ಷ ನಡೆಯಿತು. ನಾವು ಬಕೆಟ್ಟು ಇಟ್ಟೆವು. ಗಂಡಸರಿಗೆ ಒಳಗೆ ಹೋಗಲು ನಮ್ಮ ಕೋಣೆಯೇ ದಾರಿ. ಕಾಲೆತ್ತಿ ಬಕೆಟ್ಟು ದಾಟಿಕೊಂಡು ಹೋಗಿ, ಒಣಗಿದ ನೆಲದ ಮೇಲೆ ನಿಂತು, ಸೋರುವುದಿಲ್ಲ ಎಂದರು. ಗೋಡೆಯ ಮೇಲೆ ಮೊದಲು ಒಬ್ಬ ಪೆದ್ದಿಯ ದೀಪ ಅಳಿಸಿಹೋಯಿತು, ಆಮೇಲೆ ಅವಳ ಮುಖ. ಮುಂದಿನ ವರ್ಷ ಜಾಣೆಯರ ಸರದಿ. ಪಟ್ಟಿಗಳು ಒದ್ದೆಯಾಗಿ ಜೋತುಬಿದ್ದವು. ಪ್ರತಿ ಭಾನುವಾರ ಅತ್ತೆ ನನ್ನ ಕಿವಿಯ ಹತ್ತಿರ ಬಂದು ಲೆಕ್ಕ ಹೇಳುತ್ತಿದ್ದಳು. "ಇವತ್ತು ಏಳು." "ಇವತ್ತು ಐದೇ ಕಣೆ." ನಾವು ಮೂವತ್ತು ಹೆಂಗಸರು ತಲೆವಸ್ತ್ರ ಹಿಂಡಿಕೊಂಡು ಮನೆಗೆ ಹೋಗುತ್ತಿದ್ದೆವೇ ಹೊರತು ಒಬ್ಬರೂ ಬಾಯಿ ಬಿಡಲಿಲ್ಲ. ನಮಗೂ ನಾಚಿಕೆಯಾಗಬೇಕು.

ಉಳಿದವರು ನಾಲ್ವರೇ ಎಂಬಾಗ ಅಕ್ಟೋಬರಿನಲ್ಲಿ ಸಂತ ಪರಸ್ಕೇವಳ ಹಬ್ಬ ಬಂತು, ನಮ್ಮ ಇಗರ್ಜಿಯ ಹಬ್ಬ. ಬೆಳಗಿನಿಂದ ಜಡಿಮಳೆ. ಅತ್ತೆ ಮನೆಮನೆಗೆ ಹೋಗಿ ನಮ್ಮನ್ನೆಲ್ಲ ಬೇಗ ಹೊರಡಿಸಿದಳು. ಬಾಗಿಲು ತೆರೆದೊಡನೆ ನಮ್ಮ ಕೋಣೆಯಲ್ಲಿ ನಿಲ್ಲದೆ ನೇರ ಗಂಡಸರ ಕೋಣೆಗೆ ನಡೆದಳು. "ಬನ್ರೇ, ತುಂಬ್ಕೊಳ್ಳಿ," ಎಂದಳು. ಭುಜಕ್ಕೆ ಭುಜ ತಾಗಿಸಿ ತುಂಬಿಕೊಂಡೆವು.

ಗ್ರಿಗೊರೆ ಬಂದವನೇ ನಡುಬಾಗಿಲಲ್ಲಿ ನಿಂತ. "ಏನಿದು ಡೋಕಿಯಕ್ಕ? ಇದು ನಮ್ ಜಾಗ."

"ಇವತ್ತೊಂದಿನ ಬದಲಾಯಿಸ್ಕೊಳ್ಳೋಣ. ಅಲ್ಲಿ ಸೋರಲ್ವಲ್ಲ, ನಿನಗೇನು ಕಷ್ಟ?"

"ಹಬ್ಬದ ದಿನ ರಂಪ ಮಾಡ್ಬೇಡ."

"ರಂಪ ಎಲ್ಲಿ ಮಾಡ್ದೆ? ಒಣಗಿದ ಕಡೆ ನಿಂತಿದೀನಿ. ಗುರುಗಳೇ, ನೀವು ಶುರು ಮಾಡಿ."

ಪಾದ್ರಿಗಳು ನಮ್ಮನ್ನು ನೋಡಿದರು, ಗಂಡಸರನ್ನು ನೋಡಿದರು, ಧೂಪ ಎತ್ತಿಕೊಂಡರು. ಪೂಜೆ ಎರಡು ಗಂಟೆಯದು. ನಮಗಾದರೂ ತಲೆವಸ್ತ್ರವಿತ್ತು, ಗಂಡಸರು ಇಗರ್ಜಿಯಲ್ಲಿ ಟೋಪಿ ತೆಗೆಯಬೇಕು. ಗ್ರಿಗೊರೆಯ ಬೋಳುತಲೆಯ ಮೇಲೆ ಹನಿ ಬೀಳುವುದನ್ನು ನಾನು ಕಿಂಡಿಯಿಂದ ಕಣ್ತುಂಬ ನೋಡಿದೆ. ಮೊದಲು ಒರೆಸಿಕೊಂಡ, ಪಕ್ಕಕ್ಕೆ ಸರಿದ, ಅಲ್ಲೂ ಬಿತ್ತು. ಕೊನೆಕೊನೆಗೆ ಗೋಡೆಯಿಂದ ಪಟ್ಟಿಯೊಂದು ಕಳಚಿ ಅವನ ಹೆಗಲ ಮೇಲೆ ಬಿತ್ತು.

ಪೂಜೆ ಮುಗಿದ ಮೇಲೆ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಂದ. ಬಟ್ಟೆಯ ಮೇಲೆ ಉಳಿದ ನಾಲ್ವರಲ್ಲಿ ಒಬ್ಬಳ ಕೈ ಇತ್ತು, ಅರ್ಧ ದೀಪ ಇತ್ತು.

"ಇಷ್ಟು ಸೋರುತ್ತೆ ಅಂತ ಮೊದಲೇ ಹೇಳಬಾರದಿತ್ತಾ, ಅಕ್ಕ?"

ಅಣಕಕ್ಕಲ್ಲ, ನಿಜವಾಗಿಯೂ ಕೇಳಿದ. ನನ್ನ ಸಿಟ್ಟು ಇಂದಿಗೂ ಇಳಿಯದಿರುವುದು ಅದಕ್ಕೇ. ಅತ್ತೆ ಅವನ ಕೈಯಿಂದ ಪಟ್ಟಿ ತೆಗೆದುಕೊಂಡು, ಒಣಬಟ್ಟೆಯಲ್ಲಿ ಸುತ್ತಿ, ಎದೆಗವಚಿಕೊಂಡು ಮನೆಗೆ ಹೋದಳು.

ಮುಂದಿನ ಬೇಸಿಗೆಯಲ್ಲಿ ಸೂರು ಹೊದಿಸಿದವಳು ಅವಳೇ, ಎಪ್ಪತ್ತೆರಡನೇ ವಯಸ್ಸಿನಲ್ಲಿ. ಏಣಿ ಹಿಡಿದವನು ಗ್ರಿಗೊರೆ. ಹೆಂಗಸು ಹತ್ತಬಾರದು ಎಂಬುದು ಯಾರ ನೆನಪಿಗೂ ಬರಲಿಲ್ಲ. ಈಗ ಯಾವ ಕಡೆಯೂ ಒಂದು ಹನಿ ಇಳಿಯುವುದಿಲ್ಲ.

ನಾವು ಮತ್ತೆ ನಮ್ಮ ಕೋಣೆಯಲ್ಲೇ ನಿಲ್ಲುತ್ತೇವೆ. ಪ್ರತಿ ಭಾನುವಾರ ಪೂಜೆ ಶುರುವಾಗುವ ಮೊದಲು ಅತ್ತೆ ನಡುಗೋಡೆಯ ಕಿಂಡಿಗೆ ಬಾಯಿಟ್ಟು, ಗಂಡಸರಿಗೆಲ್ಲ ಕೇಳುವ ಹಾಗೆ ಎಣಿಸುತ್ತಾಳೆ. ಒಂದು, ಎರಡು, ಮೂರು. ಅಲ್ಲಿಗೆ ನಿಲ್ಲಿಸುತ್ತಾಳೆ.