ನೀರು ಇಳಿಯುವಾಗ ಕಟ್ಟಿದ ಹಗ್ಗ

ಭಾವ ಒಂದು ಹಳೆಯ ದೋಣಿ ಕೊಂಡ. ಉದ್ದ, ಕಿರಿದು, ಒಳಗೆ ಒಲೆ, ಮಂಚ. ನಡೆದರೆ ಅದಕ್ಕಿಂತ ಬೇಗ ಹೋಗಬಹುದು. ಮೊದಲ ದಿನ ಅಕ್ಕ, ಭಾವ, ನಾನು ನಾವಿರುವ ಏಪೆಕ್ಸ್ ಊರಿನಿಂದ ವರ್ಜೀನಿಯಾ ಗಡಿಯ ಕಾಲುವೆಗೆ ಹೋದೆವು. ಭಾವ ಸಾಫ್ಟ್‌ವೇರಿನವನು. ನಾನು ಎಸೆಸೆಲ್ಸಿ ಫೇಲು, ಹೋಟೆಲಿನಲ್ಲಿ ದೋಸೆ ಹುಯ್ಯುತ್ತೇನೆ.

ಅವನು ಅಕ್ಕನಿಗೆ ಹೊಡೆಯುತ್ತಾನೆಂದು ನನಗೆ ಗೊತ್ತಿತ್ತು. ಅಕ್ಕ ಬಾಯಿ ಬಿಡುತ್ತಿರಲಿಲ್ಲ. ಅವಳು ಇಲ್ಲಿರುವುದೇ ಅವನ ವೀಸಾದ ಮೇಲೆ.

ನೀರು ಡಿಕಾಕ್ಷನ್ ಬಣ್ಣ. ಮಧ್ಯಾಹ್ನ ಲಾಕ್ ಸಿಕ್ಕಿತು. ಲಾಕ್ ಅಂದರೆ ಎರಡು ಕಡೆ ಗೇಟಿರುವ ಕಾಂಕ್ರೀಟ್ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ನೀರು ಬಿಟ್ಟು, ದೋಣಿಯನ್ನು ಕೆಳಗಿನ ಕಾಲುವೆಯ ಮಟ್ಟಕ್ಕೆ ಇಳಿಸುತ್ತಾರೆ. ಗೇಟು ನೋಡಿಕೊಳ್ಳುವ ಹೆಂಗಸು ಮೇಲಿನಿಂದ, ಹಗ್ಗ ಕಟ್ಟಬೇಡಿ, ಕೈಯಲ್ಲಿ ಹಿಡಿದು ಸಡಿಲ ಬಿಡುತ್ತಾ ಹೋಗಿ ಎಂದಳು. ಭಾವ ತಲೆಯಾಡಿಸಿದ. ಅವಳು ಅತ್ತ ತಿರುಗಿದ್ದೇ ತಡ, ಮೇಲಿನ ಗೂಟಕ್ಕೆ ಬಿಗಿಯಾಗಿ ಗಂಟು ಹಾಕಿದ. ಹೊಸದಾಗಿ ಕೊಂಡ ದೋಣಿಗೆ ಪೂಜೆಯಾಗಬೇಕಿತ್ತು. ಆರತಿ ಎತ್ತುವಾಗ ದೋಣಿ ಅಲ್ಲಾಡಬಾರದಂತೆ.

ನಾನು ಬೇಡ ಅಂದೆ.

"ದೋಸೆ ವಿಷಯ ಬಂದಾಗ ನಿನ್ನ ಕೇಳ್ತೀನಿ, ಸುಮ್ನಿರಪ್ಪ," ಅಂದ.

ಅಕ್ಕ ಆರತಿ ತಟ್ಟೆ ಎತ್ತಿದಳು. ನೀರು ಇಳಿಯಿತು, ದೋಣಿ ಇಳಿಯಲಿಲ್ಲ. ಒಂದು ಪಕ್ಕ ಹಗ್ಗಕ್ಕೆ ನೇತುಬಿದ್ದು ವಾಲಿತು. ಒಳಗೆ ಪಾತ್ರೆಗಳು ಉರುಳಿದವು. ಅಕ್ಕ ಕಬ್ಬಿಣದ ಅಂಚಿಗೆ ಹೋಗಿ ಬಡಿದಳು, ಹಣೆ ಒಡೆಯಿತು. ಉರಿಯುವ ಎಣ್ಣೆ ಸೀರೆಯ ಮೇಲೆ ಚೆಲ್ಲಿತು. ಸೆರಗನ್ನು ಕೈಯಲ್ಲೇ ಹೊಸಕಿ ಬೆಂಕಿ ಆರಿಸಿದೆ, ಅಂಗೈ ಸುಟ್ಟಿತು. ಹಣ್ಣಿನ ಚಾಕು ತಗೊಂಡು ಹಗ್ಗ ಕುಯ್ದೆ. ದೋಣಿ ಧಡ್ ಅಂತ ನೀರಿಗೆ ಬಿತ್ತು.

ಭಾವ ಎದ್ದು ಬಂದು ಅಕ್ಕನ ಕೆನ್ನೆಗೆ ಬಾರಿಸಿದ. ಅವಳ ಹಣೆಯ ರಕ್ತ ಅವನ ಕೈಗೆ ಹತ್ತಿತು.

"ಆರತಿ ಬೀಳಿಸ್ತೀಯಾ? ಮೊದಲನೇ ದಿನಾನೇ?"

ನಾನು ಅವನ ಮೂಗಿಗೆ ಗುದ್ದಿದೆ. ಮುರಿದದ್ದು ಕೈಗೆ ಗೊತ್ತಾಯಿತು. ಬಿದ್ದ ಮೇಲೂ ಒದ್ದೆ. ಅಕ್ಕ ಕಾಲರ್ ಹಿಡಿದು ಎಳೆದಿದ್ದರಿಂದ ನಿಲ್ಲಿಸಿದೆ.

ಮೇಲಿದ್ದ ಹೆಂಗಸು ನೀರು ನಿಲ್ಲಿಸಿ ಫೋನು ಕೈಗೆ ತಗೊಂಡಿದ್ದಳು. ಅವನು ನಿನಗೆ ಹೊಡೆದನಾ ಎಂದು ಅಕ್ಕನನ್ನೇ ಕೇಳಿದಳು.

ಭಾವ ಮೂಗು ಹಿಡಿದುಕೊಂಡು ಕನ್ನಡದಲ್ಲಿ, "ನೋಡ್ಕೊಂಡು ಮಾತಾಡು. ನಿನ್ನ ವೀಸಾ ನನ್ನ ಕೈಲಿದೆ," ಅಂದ.

ಅಕ್ಕ ಇಂಗ್ಲಿಷಿನಲ್ಲಿ, ಹೌದು, ಇವತ್ತೇ ಮೊದಲಲ್ಲ ಅಂದಳು. ಸುಟ್ಟ ಸೀರೆ ಎತ್ತಿ ಕಟ್ಟಿ ಗೋಡೆಯ ಕಬ್ಬಿಣದ ಏಣಿ ಹತ್ತಿದಳು. ಭಾವ ಅವಳ ಕಾಲಿಗೆ ಕೈ ಹಾಕಿದ. ಅವಳು ಝಾಡಿಸಿ ಒದ್ದಳು.

ಪೊಲೀಸರು ಬಂದು ಭಾವನಿಗೂ ಬೇಡಿ ಹಾಕಿದರು, ನನಗೂ ಹಾಕಿದರು. ಅಕ್ಕ ಹುಲ್ಲಿನ ಮೇಲೆ ಕೂತು, ಹಣೆಗೆ ಬಟ್ಟೆ ಒತ್ತಿಕೊಂಡು, ಮದುವೆಯಾದಾಗಿನಿಂದ ಆದದ್ದೆಲ್ಲ ಹೇಳುತ್ತಿದ್ದಳು. ಏನೂ ಬಿಡಲಿಲ್ಲ. ನಾನು ಬಿದ್ದವನನ್ನು ಒದ್ದದ್ದನ್ನೂ ಹೇಳಿದಳು.